ಘಾನಾದ ಕೀಪರ್, ಅಮ್ಮನ ನಿಂಬೆಹಣ್ಣು

ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ಜೊತೆಗೆ ಕಂಪನಿಯ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್. ನಮ್ಮ ಪಾಡಿಗೆ ನಾವು ಇದ್ದರೂ ನಗೆಪಾಟಲು ನಮ್ಮನ್ನೇ ಹುಡುಕಿಕೊಂಡು ಬರುತ್ತೆ. ಅದರಲ್ಲೂ ಘಾನಾದಿಂದ ಒಬ್ಬ ಗೋಲ್‌ಕೀಪರ್ ಬಂದ ವರ್ಷ ಕೇಳಬೇಡಿ.

ಆತ ಆರೂವರೆ ಅಡಿ ಆಳು. ತನ್ನ ದೇಶದಲ್ಲಿ ದೊಡ್ಡ ಕ್ಲಬ್ಬಿಗೆ ಆಡಿ, ಆಮೇಲೆ ಕೇರಳದಲ್ಲಿ ಏಳೇಳು ಜನ ಆಡುವ ಸೆವೆನ್ಸ್ ಪಂದ್ಯಗಳಲ್ಲಿ ಹೆಸರು ಮಾಡಿ, ಮೊಣಕಾಲು ಕೈಕೊಟ್ಟ ಮೇಲೆ ನಮ್ಮೂರಿಗೆ ಬಂದಿದ್ದ. ಕೊಯಮತ್ತೂರಿನ ಒಂದು ಕಾಲೇಜಿನ ಕ್ರೀಡಾ ನಿರ್ದೇಶಕರು, "ಈ ಸಲದ ಟೂರ್ನಮೆಂಟಲ್ಲಿ ನಿಮ್ಮ ತಂಡ ಫೈನಲ್‌ಗೆ ಬರಲಿ, ಅಲ್ಲಿ ನಿನ್ನ ಆಟ ನೋಡಿ ಕೋಚ್ ಕೆಲಸದ ಬಗ್ಗೆ ಹೇಳ್ತೀನಿ" ಅಂದಿದ್ದರು. ಕೆಲಸ ಸಿಕ್ಕರೆ ಹೆಂಡತಿ, ಮಗಳನ್ನ ಕರೆಸಿಕೊಳ್ಳಬಹುದು. ಸಿಗದಿದ್ದರೆ ವಾಪಸ್ಸು ಊರಿಗೆ, ಆಟಕ್ಕೂ ಅಲ್ಲಿಗೇ ಮಂಗಳ.

ಅಳತೆ

ಮೊದಲ ದಿನ ಜೆರ್ಸಿಗೆ ಅಳತೆ ತಗೊಳ್ಳೋಕೆ ನಿಂತೆ. ಆತ ಎರಡೂ ಕೈ ಚಾಚಿದ. ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ನನ್ನ ಟೇಪು ಸಾಲಲಿಲ್ಲ. ಇಪ್ಪತ್ತು ವರ್ಷದಿಂದ ದೇಶ ದೇಶಕ್ಕೆ ಬಟ್ಟೆ ಕತ್ತರಿಸಿದವನು ನಾನು, ಇಂಥ ಕೈ ಕಂಡಿರಲಿಲ್ಲ. ಬಾಯಿ ಬಿಟ್ಟುಕೊಂಡು ನೋಡುತ್ತಾ ನೋಡುತ್ತಾ ಕತ್ತರಿಸಿದೆ. ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತೆ, ಅದಕ್ಕೆ ಅಂತ ಹೆಚ್ಚು ಬಿಡಬೇಕು ಅನ್ನೋದನ್ನೇ ಮರೆತೆ. ತಿರುಪ್ಪೂರಿನಲ್ಲಿ ಇದನ್ನ ಯಾರ ಹತ್ತಿರ ಹೇಳೋಕಾಗುತ್ತೆ, ನಾಚಿಕೆಗೇಡು!

ಹೊಸ ಬಟ್ಟೆ ಅಂತ ಅಮ್ಮ ಅದನ್ನ ಬಿಸಿನೀರಲ್ಲಿ ಬೇರೆ ಅದ್ದಿಬಿಟ್ಟಳು. ಪಂದ್ಯದ ದಿನ ಆತ ಹಾಕಿಕೊಂಡರೆ ಹೊಕ್ಕಳ ಮೇಲೇ ನಿಂತಿತು. ನಾನು ತಲೆ ತಗ್ಗಿಸಿ ನಿಂತೆ. ಆತ ನನ್ನ ಬೆನ್ನು ತಟ್ಟಿ, "ಪರವಾಗಿಲ್ಲ ಮಾಸ್ಟರ್, ನನ್ನ ಮಗಳಿಗೆ ಸರಿಯಾಗುತ್ತೆ" ಅಂದ. ಮಗಳಿಗೆ ಎಂಟು ವರ್ಷ.

ಲಾಳಿ

ಅಮ್ಮನದು ಇನ್ನೂ ಗುಂಡಿ ಮಗ್ಗ. ನಾವು ಮನೇಲಿ ಮಾತಾಡೋದು ಕನ್ನಡ, ಬೀದಿಗಿಳಿದರೆ ತಮಿಳು. ತಮಿಳು ಸರಿಯಾಗಿ ಬರದವರಿಗೆಲ್ಲ ಕನ್ನಡ ಬಂದೇ ಬರುತ್ತೆ ಅನ್ನೋದು ಅಮ್ಮನ ನಂಬಿಕೆ. ಕೀಪರ್‌ನ ತಮಿಳಲ್ಲಿ ಅರ್ಧ ಮಲಯಾಳ ಇತ್ತು. ಹಾಗಾಗಿ ಆತನ ಜೊತೆ ಅಮ್ಮನದು ಬರೀ ಕನ್ನಡ.

"ಕೂತ್ಕೋ ಸಾಮಿ, ರಾಗಿಕಳಿ ತಿಂತೀಯಾ?"

ಆತ ಕೂತ. ನಾನು ಕಳಿ ಮುದ್ದೆ, ಸಾರು ಹಾಕಿ ತಟ್ಟೆ ಕೊಟ್ಟೆ. ಅಷ್ಟರಲ್ಲಿ ಮಗ್ಗದಲ್ಲಿ ಎಳೆ ಸಿಕ್ಕಿ, ಲಾಳಿ ಚಿಮ್ಮಿ ನೇರ ನನ್ನ ಮೂಗಿಗೆ ಬಂತು. ಈ ಮನೇಲಿ ಹುಟ್ಟಿದ ನಮಗೆಲ್ಲ ಲಾಳಿ ಏಟು ಹೊಸದಲ್ಲ, ಕಣ್ಣು ಮುಚ್ಚಿಕೊಂಡೆ. ಏಟೇ ಬೀಳಲಿಲ್ಲ. ಕಣ್ಣು ಬಿಟ್ಟರೆ ಲಾಳಿ ಆತನ ಎಡಗೈಯಲ್ಲಿತ್ತು. ಬಲಗೈಯಲ್ಲಿ ಕಳಿಯ ತಟ್ಟೆ, ಒಂದು ತೊಟ್ಟು ಸಾರೂ ಚೆಲ್ಲಿರಲಿಲ್ಲ.

ನನಗೆ ಮೈ ಜುಮ್ಮೆಂದಿತು. ಅಮ್ಮ ಮಗ್ಗದ ಗುಂಡಿಯಿಂದ ಎದ್ದು ನಿಂತೇಬಿಟ್ಟಳು. "ನಿಮ್ಮಪ್ಪ ನಲವತ್ತು ವರ್ಷ ಇದೇ ಜಾಗದಲ್ಲಿ ಕೂತು ಹಣೇಲೇ ಹಿಡೀತಿದ್ರು" ಅಂದಳು.

ಬಲೆ

ಸೆಮಿಫೈನಲ್ ನಮ್ಮೂರಲ್ಲೇ. ಗೋಲಿನ ಬಲೆಗಳು ಹರಿದಿದ್ದವು. ಬಟ್ಟೆಯ ಊರಲ್ಲಿ ಬಲೆಗೆ ಬರವೇ ಅಂತ ನಾನು ಎರಡೂ ಕಡೆ ಟೀ ಶರ್ಟಿನ ಕೊರಳಪಟ್ಟಿಗೆ ಹಾಕುವ ರಿಬ್ ಬಟ್ಟೆಯನ್ನ ಬಿಗಿಯಾಗಿ ಎಳೆದು ಕಟ್ಟಿಸಿದೆ. ಎಳೆದರೆ ಹಿಗ್ಗುವ ಬಟ್ಟೆ ಅದು, ಬಿಟ್ಟರೆ ಸುಮ್ಮನಿರುತ್ತಾ?

ನಮ್ಮವನು ಹೊಡೆದ ಚೆಂಡು ಗೋಲಿನೊಳಗೆ ಹೋಗಿ ಬಟ್ಟೆಗೆ ತಾಗಿ, ಬಂದಷ್ಟೇ ಜೋರಾಗಿ ಹೊರಗೆ ಬಂತು. ಕಂಬಕ್ಕೆ ತಾಗಿದೆ ಅಂತ ರೆಫರಿ ಗೋಲು ಕೊಡಲಿಲ್ಲ. ಮುಂದೆ ಎದುರಾಳಿ ಹೊಡೆದದ್ದೂ ಹಾಗೇ ಆಯಿತು. ನಮ್ಮ ಕೀಪರ್‌ನ ದಾಟಿ ಹೋದ ಚೆಂಡು ಬಟ್ಟೆಗೆ ಬಡಿದು, ತಿರುಗಿ ಆತನ ತೋಳಿಗೇ ಬಂದು ಬಿತ್ತು. ಜನ ಶಿಳ್ಳೆ ಹೊಡೆದರು. ಆತ ಮಾತ್ರ ನೇರ ರೆಫರಿ ಹತ್ತಿರ ಹೋಗಿ, "ಸಾರ್, ಇದು ಗೋಲು" ಅಂದ. ಫೈನಲ್ಲೂ ಕೆಲಸವೂ ಕೈತಪ್ಪುವ ಹೊತ್ತಲ್ಲಿ ಹಾಗನ್ನೋಕೆ ಎಂಥ ಎದೆ ಬೇಕು!

ರೆಫರಿ ಬಟ್ಟೆಯನ್ನ ಬೆರಳಿಂದ ಒತ್ತಿ ನೋಡಿ, ನಮ್ಮದನ್ನೂ ಸೇರಿಸಿ ಎರಡೂ ಗೋಲು ಕೊಟ್ಟರು. ಕೊನೆಗೆ ಇನ್ನೊಂದು ಹೊಡೆದು ಗೆದ್ದೆವು. ಹೊರಡುವಾಗ ರೆಫರಿ ನನ್ನನ್ನ ಕರೆದು, "ಮಾಸ್ಟರ್, ನೀವು ಟೀ ಶರ್ಟೇ ಹೊಲೀರಿ" ಅಂದರು.

ನಿಂಬೆಹಣ್ಣು

ಫೈನಲ್ ಕೊಯಮತ್ತೂರಿನ ಹತ್ತಿರದ ಪೆರಿಯನಾಯಕನಪಾಳ್ಯದಲ್ಲಿ, ಪೋತ್ತನೂರಿನ ತಂಡದ ಎದುರು. ಕ್ರೀಡಾ ನಿರ್ದೇಶಕರು ಬಿಳಿ ಶರ್ಟು ಹಾಕಿ ಗೋಲಿನ ಹಿಂದೆಯೇ ಕುರ್ಚಿ ಹಾಕಿಸಿಕೊಂಡಿದ್ದರು. ಅಮ್ಮನೂ ಹಟ ಹಿಡಿದು ಬಂದಿದ್ದಳು. ಆಟ ಸಮ ಆಗಿ ಪೆನಾಲ್ಟಿಗೆ ಬಂತು. ಪೋತ್ತನೂರಿನವರದು ಒಂದೇ ಒದೆ ಬಾಕಿ. ನಮ್ಮ ಕೀಪರ್ ತಡೆದರೆ ಕಪ್ ನಮ್ಮದು. ಬಿಸಿಲಿಗೆ ಬಳಲಿ, ಮೊಣಕಾಲು ಹಿಡಿದುಕೊಂಡು ಆತ ಬಗ್ಗಿ ನಿಂತಿದ್ದ.

"ಯಾರ ಕಣ್ಣು ಬಿತ್ತೋ ನನ್ನ ಮಗನ ಮೇಲೆ!" ಅಂತ ಅಮ್ಮ ಮೈದಾನಕ್ಕೆ ನುಗ್ಗಿದಳು. ಸೆರಗಿನಿಂದ ನಿಂಬೆಹಣ್ಣು ತೆಗೆದು ಆತನ ಮುಂದೆ ಮೂರು ಸುತ್ತು ನಿವಾಳಿಸಿದಳು, ಹೆಚ್ಚಿದಳು, ಕುಂಕುಮ ಮೆತ್ತಿ ಒಂದು ಹೋಳು ಎಡಕ್ಕೆ, ಒಂದು ಬಲಕ್ಕೆ ಎಸೆದಳು. ಪೀಪಿ ಊದೋಕೆ ಬಂದ ರೆಫರಿ, ಅದು ಮುಗಿಯುವವರೆಗೂ ಟೋಪಿ ತೆಗೆದು ನಿಂತರು.

ದೃಷ್ಟಿ ತೆಗೆದ ಹಣ್ಣನ್ನ ನಮ್ಮಲ್ಲಿ ಯಾರೂ ತುಳಿಯಲ್ಲ, ದಾಟಲ್ಲ. ನಮ್ಮ ಕೀಪರ್‌ಗೆ ಅದೇನು ಗೊತ್ತು? ಕೈಗವಸು ತೆಗೆದ, ಎಡಗಡೆಯ ಹೋಳು ಎತ್ತಿಕೊಂಡ, ಬಾಯಿಗಿಟ್ಟು ಚೀಪಿದ.



"ಅಯ್ಯಯ್ಯೋ, ಉಗಿ ಸಾಮಿ, ಉಗಿ!" ಅಮ್ಮ ಬಡಕೊಂಡಳು.

ಆತ ಸಿಪ್ಪೆ ಸಮೇತ ಅಗಿದು ನುಂಗಿದ. "ನಮ್ಮೂರಲ್ಲೂ ಆಟದ ಮಧ್ಯೆ ಹಣ್ಣು ಕೊಡ್ತಾರೆ ಅಮ್ಮ. ತುಂಬ ಚೆನ್ನಾಗಿದೆ. ಸ್ವಲ್ಪ ಉಪ್ಪು ಬೇಕಿತ್ತು" ಅಂತ ನಕ್ಕ. ಕುಂಕುಮಕ್ಕೆ ಬಾಯೆಲ್ಲ ಕೆಂಪು.

ಪೋತ್ತನೂರಿನ ಸ್ಟ್ರೈಕರ್ ಎರಡು ಹೆಜ್ಜೆ ಹಿಂದೆ ಸರಿದ. "ಸಾರ್, ಊರಿನ ದೃಷ್ಟಿನೆಲ್ಲ ನುಂಗಿದವನ ಎದುರು ನಾನು ಒದೆಯಲ್ಲ."

"ರೂಲ್ಸಲ್ಲಿ ಹಣ್ಣಿನ ವಿಷಯ ಇಲ್ಲ. ಒದಿ" ಅಂದರು ರೆಫರಿ, ದೂರದಿಂದಲೇ.

ಹೆದರಿಕೆಗೋ ಏನೋ, ಜನ್ಮದಲ್ಲಿ ಒದೆಯದಷ್ಟು ಜೋರಾಗಿ ಒದ್ದ. ಚೆಂಡು ಬಲ ಮೂಲೆಗೆ, ಕಂಬದ ತುದಿಗೇ ಹೋಯಿತು. ಆ ಕೆಟ್ಟ ಮೊಣಕಾಲಿನ ಮೇಲೆ ಆತ ಹೇಗೆ ಹಾರಿದನೋ ದೇವರೇ ಬಲ್ಲ. ನನ್ನ ಟೇಪಿಗೆ ಸಿಗದ ಆ ಕೈಯ ಕೊನೇ ಬೆರಳು ಚೆಂಡನ್ನ ಆಚೆ ತಳ್ಳಿತು. ನಾನು ಅತ್ತುಬಿಟ್ಟೆ, ಮುಚ್ಚುಮರೆ ಇಲ್ಲ.

ನಿರ್ದೇಶಕರು ಎದ್ದು ಬಂದು ಆತನ ಕೈ ಕುಲುಕಿ, "ಸೋಮವಾರದಿಂದ ಕೆಲಸಕ್ಕೆ ಬಾ, ಮನೆಯವರನ್ನ ಕರೆಸಿಕೋ" ಅಂದರು. ಆ ದೊಡ್ಡ ಆಳು ಅಮ್ಮನ ಭುಜದ ಮೇಲೆ ಮುಖವಿಟ್ಟು ಮಗುವಿನ ಹಾಗೆ ಅತ್ತ.

ಆ ಕಡೆ ಗೋಲಿನ ಹಿಂದೆ ಪೋತ್ತನೂರಿನ ಇಡೀ ತಂಡ ಬಗ್ಗಿಕೊಂಡು ಹುಲ್ಲಲ್ಲಿ ಏನೋ ಹುಡುಕುತ್ತಿತ್ತು.

"ಏನು ಕಳೆದುಹೋಯ್ತಪ್ಪಾ?" ಅಂದೆ.

ಸ್ಟ್ರೈಕರ್ ತಲೆ ಎತ್ತದೆ, "ಇನ್ನೊಂದು ಹೋಳು, ಅಣ್ಣ" ಅಂದ.

ನಾನು ನಿರ್ದೇಶಕರ ಕಡೆ ತಿರುಗಿದೆ. ಅವರ ಬಿಳಿ ಶರ್ಟಿನ ಜೇಬು ಉಬ್ಬಿತ್ತು, ಅದರ ಮೇಲೆ ದೊಡ್ಡ ಕೆಂಪು ಕಲೆ. "ನಮ್ಮ ಕಾಲೇಜಿನದೂ ಒಂದು ತಂಡ ಇದೆ ಮಾಸ್ಟರ್" ಅಂತ ಪಿಸುಗುಟ್ಟಿ, ಬೇಗಬೇಗ ಕಾರಿನ ಕಡೆ ನಡೆದರು.