ತಂತಿಯಿಲ್ಲದ ಅಳಿಯ

ಎಲ್ಲಕ್ಕೂ ಕಾರಣ ಅತ್ತೆಯ ಮಂಚ. ಅದು ಹಾಲಿಗೂ ಒಳಕೋಣೆಗೂ ನಡುವಿನ ಗೋಡೆಗೆ ಅಂಟಿಕೊಂಡಿತ್ತು. ಒಳಕೋಣೆಗೆ ಟಿವಿಯ ಕೇಬಲ್ ಎಳೆಯಬೇಕಾದರೆ ಆ ಗೋಡೆಯನ್ನೇ ಕೊರೆಯಬೇಕು. ಗೋಡೆ ಕೊರೆಯಬೇಕಾದರೆ ಮಂಚ ಸರಿಸಬೇಕು. ಗೋಡೆ ಕೊರೆಯುವುದೇನೋ ಸಾಧ್ಯವಿತ್ತು.

ಮನೆಯ ಯಜಮಾನನಿಗೆ ಕನ್ನಡಕದ ಅಂಗಡಿ. ಅವನ ಕಣ್ಣಿಗೇನೂ ದೋಷವಿರಲಿಲ್ಲ. ಆದರೆ ಕನ್ನಡಕ ಮಾರುವವನೇ ಬರಿಗಣ್ಣಲ್ಲಿ ಕೂತರೆ ಗಿರಾಕಿ ನಂಬುವುದಿಲ್ಲವೆಂದು ನಂಬರಿಲ್ಲದ ಗಾಜು ಹಾಕಿಕೊಂಡಿರುತ್ತಿದ್ದ. ಬೀದಿಯವರು ಅವನನ್ನು ‘ಝೀರೋ ಪವರ್’ ಎಂದು ಕರೆಯುತ್ತಿದ್ದರು. ಹೆಸರು ಬಂದದ್ದು ಕನ್ನಡಕದಿಂದ ಎಂದು ಅವನು ತಿಳಿದಿದ್ದ.

ಅಂದು ಅಂಗಡಿಗೆ ವಾರದ ರಜೆ. ಸಂಜೆ ಏಳಕ್ಕೆ ಫುಟ್‌ಬಾಲ್ ಫೈನಲ್. ಅವನು ಹುಡುಗನಾಗಿದ್ದಾಗಿನಿಂದ ಸೋಲುವುದನ್ನೇ ನೋಡಿಕೊಂಡು ಬಂದಿದ್ದ ತಂಡ ಮೊದಲ ಸಲ ಅಲ್ಲಿಗೆ ಮುಟ್ಟಿತ್ತು. ಅದೇ ಏಳಕ್ಕೆ ಹಾಲಿನ ಟಿವಿಯಲ್ಲಿ ಅತ್ತೆಯ ಧಾರಾವಾಹಿಯ ಮಹಾಸಂಚಿಕೆ. ಎಂಟು ತಿಂಗಳಿಂದ ಎಚ್ಚರ ತಪ್ಪಿ ಮಲಗಿದ್ದ ಹಿರಿಸೊಸೆ ಅಂದು ಕಣ್ಣು ತೆರೆದು, ತನ್ನನ್ನು ಮೆಟ್ಟಿಲಿನಿಂದ ತಳ್ಳಿದವರು ಯಾರೆಂದು ಹೇಳುವವಳಿದ್ದಳು.

“ಫೋನಲ್ಲಿ ನೋಡ್ಕೊಳ್ರಿ” ಎಂದಳು ಹೆಂಡತಿ.

“ಅದರಲ್ಲಿ ಚೆಂಡು ಸಾಸಿವೆ ಕಾಳಿನಷ್ಟು ಕಾಣುತ್ತೆ. ವಾರವೆಲ್ಲ ಜನರಿಗೆ ಸಣ್ಣಕ್ಷರ ಓದಿಸ್ತೀನಿ, ರಜೆ ದಿನಾನೂ ಅದೇನಾ?”

ಅಟ್ಟದ ಮೇಲೆ ಹಳೆಯ ಟಿವಿಯೊಂದಿತ್ತು. ಅದನ್ನು ಇಳಿಸಿ ಒಳಕೋಣೆಯಲ್ಲಿಡುವುದು ಬೆಳಗ್ಗೆ ಒಂಬತ್ತಕ್ಕೇ ಮುಗಿಯಿತು. ಅದಕ್ಕೆ ಚಿತ್ರ ಮುಟ್ಟಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಅವನು ಮನೆಯೊಳಗೇ ಕೇಳಿಕೊಳ್ಳಬೇಕಿತ್ತು. ಜಗಲಿಯಲ್ಲಿ ನಿಂತು ಕೇಳಿದ್ದೇ ತಪ್ಪಾಯಿತು.

ಕೆಳಮನೆಯಿಂದ ಲೈನ್‌ಮನ್ ತಾತ ಹತ್ತಿ ಬಂದರು. ಟೆಲಿಫೋನ್ ಕಂಬ ಹತ್ತಿಳಿದು ನಿವೃತ್ತರಾದವರು; ತಂತಿಯ ವಿಷಯದಲ್ಲಿ ಅವರದು ಕೊನೆಯ ಮಾತು. ಎದುರು ಮನೆಯಿಂದ ವಿಮೆ ಏಜೆಂಟರು ದಾಟಿ ಬಂದರು. ಅವರದು ಎಲ್ಲ ವಿಷಯದಲ್ಲೂ ಕೊನೆಯ ಮಾತು.

“ನೋಡಪ್ಪಾ, ಇನ್ನೊಂದು ಸೆಟ್‌ಟಾಪ್ ಪೆಟ್ಟಿಗೆ ಹಾಕಿಸು, ಇನ್ನೊಂದು ತಂತಿ ಎಳೆಸು” ಎಂದರು ತಾತ. “ಅವರ ಚಾನೆಲ್ ಅವರಿಗೆ, ನಿನ್ನ ಚಾನೆಲ್ ನಿನಗೆ. ಹಿಡಿದು ಎಳೆದ್ರೆ ಕೈಗೆ ಬರ್ಬೇಕು, ಅದು ಲೈನು. ಮಿಕ್ಕಿದ್ದೆಲ್ಲ ಗಾಳಿಮಾತು.”

“ತಾತಾ, ನಿಮ್ಮ ಕಾಲ ಕಂಬದ ಜೊತೆ ಹೋಯ್ತು” ಎಂದರು ಏಜೆಂಟರು. “ಈಗ ವೈರ್‌ಲೆಸ್ ಸಾರ್. ಹಾಲಲ್ಲೊಂದು ಡಬ್ಬಿ, ಒಳಗೊಂದು ಡಬ್ಬಿ. ಗೋಡೆ ಇರೋದೇ ಅದಕ್ಕೆ ಗೊತ್ತಾಗಲ್ಲ.”

“ತಂತಿ ಅಂದ್ರೆ ಗೋಡೆ ಕೊರೀಬೇಕು” ಎಂದು ಝೀರೋ ಪವರ್ ಹಾಲಿನ ಕಡೆ ಕಣ್ಣು ಹಾಯಿಸಿದ.

ಅತ್ತೆ ಮಂಚದ ಮೇಲೆ ಕಾಲು ಚಾಚಿ ಪತ್ರಿಕೆ ಓದುತ್ತಿದ್ದರು. ಹಾಳೆ ತಿರುವದೆಯೇ ಹೇಳಿದರು: “ಕೊರೀರಿ ಅಳಿಯಂದ್ರೇ. ಧೂಳು ನನ್ನ ಮೂಗಿಗೆ ತಾನೇ ಹೋಗೋದು. ನಾನಿನ್ನು ಎಷ್ಟು ದಿನ ಇರ್ತೀನಿ.”

ಅಲ್ಲಿಗೆ ತಂತಿಯ ಪಕ್ಷ ಸೋತಿತು.

ಟಿವಿ ಅಂಗಡಿಯಲ್ಲಿ ಮಾರಾಟಗಾರ ಡಬ್ಬಿ ಬಿಚ್ಚಿ ತೋರಿಸಿದ. ಒಂದು ಚಿತ್ರ ಕಳಿಸುವುದು, ಇನ್ನೊಂದು ತೆಗೆದುಕೊಳ್ಳುವುದು. ಜೊತೆಗೆ ಬೆರಳುದ್ದದ ರಿಮೋಟು. “ಗುರಿ ಇಡೋದು ಬೇಡ ಸಾರ್. ಗೋಡೆಯಾಚೆಯಿಂದ ಒತ್ತಿದ್ರೂ ಕೇಳುತ್ತೆ” ಎಂದ. ಒಳ್ಳೆಯ ಗುಣಗಳನ್ನೆಲ್ಲ ಹೇಳಿದ, ಒಂದನ್ನು ಬಿಟ್ಟ. ಝೀರೋ ಪವರ್ ಕೇಳಲೂ ಇಲ್ಲ.

ಮನೆಗೆ ಬಂದು ಜೋಡಿಸುವಾಗ ಹೆಂಡತಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. “ವೈರ್‌ಲೆಸ್ ಅಂದ್ರಲ್ಲ. ಇದಕ್ಕೇ ನಾಲ್ಕು ವೈರ್ ಇದೆ.”

“ಅವು ಕರೆಂಟಿನವು, ಟಿವಿಗೆ ಹೋಗೋವು. ನಡುವೆ ಇಲ್ಲ ನೋಡು.”

“ನಡುವೆ ಒಂದಿತ್ತು, ಅದನ್ನ ತಪ್ಪಿಸೋಕೆ ನಾಲ್ಕು ತಂದ್ರಿ.”

ಏಳು ಹೊಡೆಯಿತು. ಅವನು ಒಳಕೋಣೆಯ ಬಾಗಿಲು ಹಾಕಿ, ಹಾಸಿಗೆಯ ಮೇಲೆ ದಿಂಬು ಒರಗಿಸಿ, ಟಿವಿ ಹಚ್ಚಿದ. ಚಿತ್ರ ಕನ್ನಡಿಯ ಹಾಗೆ ಬಂತು. ಆಸ್ಪತ್ರೆಯ ಹಾಸಿಗೆಯ ಮೇಲೆ, ಎಂಟು ತಿಂಗಳ ನಿದ್ದೆಯಲ್ಲೂ ಕೆಡದ ಲಿಪ್‌ಸ್ಟಿಕ್ಕಿನೊಂದಿಗೆ, ಹಿರಿಸೊಸೆ ಮಲಗಿದ್ದಳು.

ಮಾರಾಟಗಾರ ಬಿಟ್ಟ ಗುಣ ಇದೇ. ಸೆಟ್‌ಟಾಪ್ ಪೆಟ್ಟಿಗೆ ಒಂದೇ, ಹಾಲಿನಲ್ಲಿ ಏನು ಬರುತ್ತದೋ ಒಳಗೂ ಅದೇ ಬರುತ್ತದೆ. ಅವನು ಗಾಬರಿಯಲ್ಲಿ ಹೊಸ ರಿಮೋಟು ಒತ್ತಿದ. ಹಸಿರು ಮೈದಾನ ಬಂತು, ಅವನ ತಂಡವೂ ಬಂತು. ಹಾಲಿನಿಂದ ಅತ್ತೆಯ ದನಿಯೂ ಬಂತು.

“ಅಳಿಯಂದ್ರೇ, ಅವಳು ಬಾಯಿ ತೆರೆಯೋ ಹೊತ್ತಿಗೆ ಯಾರೋ ಚಡ್ಡಿ ಹಾಕ್ಕೊಂಡು ಓಡ್ತಿದಾನೆ.”

ಒಳಗೆ ಬದಲಿಸಿದ್ದು ಹೊರಗೂ ಬದಲಾಗಿತ್ತು. ಅವನು ತಕ್ಷಣ ಹಿಂದಕ್ಕೆ ಒತ್ತಿದ. “ಸರಿಹೋಯ್ತಾ ಅತ್ತೇ?” ಎಂದು ಕೂಗಿದ. ಹೋಯಿತು ಎಂದರು. ಹತ್ತು ನಿಮಿಷ ತಡೆದುಕೊಂಡ. ಆಮೇಲೆ ಬೆರಳು ತಾನಾಗಿ ಹೋಯಿತು. ಇನ್ನೂ ಗೋಲಿಲ್ಲ. ಅಷ್ಟರಲ್ಲಿ ಹೆಂಡತಿ ಏಜೆಂಟರನ್ನು ಕರೆದಾಗಿತ್ತು. ಯಂತ್ರ ಹೇಳಿದವರು ಅವರಲ್ಲವೇ. ವೈರ್‌ಲೆಸ್ ಕೆಟ್ಟಿತೆಂಬ ವಾಸನೆ ಹಿಡಿದು ಲೈನ್‌ಮನ್ ತಾತ ಕರೆಯದೆಯೇ ಬಂದರು.

ಝೀರೋ ಪವರ್ ರಿಮೋಟನ್ನು ಪೈಜಾಮದ ಜೇಬಿಗಿಳಿಸಿ ಹೊರಬಂದ. ಟಿವಿಯಲ್ಲಿ ಫುಟ್‌ಬಾಲು ಓಡುತ್ತಿತ್ತು. ಅದರ ಮುಂದೆ ತಾತನೂ ಏಜೆಂಟರೂ, ಒಬ್ಬ ರೋಗಿಯ ಮುಂದೆ ಇಬ್ಬರು ವೈದ್ಯರ ಹಾಗೆ, ಜಗಳವಾಡುತ್ತಿದ್ದರು.

“ಗಾಳಿಯಲ್ಲಿ ಟ್ರಾಫಿಕ್ ಜಾಸ್ತಿ ಸಾರ್, ಹಬ್ಬಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು” ಎಂದರು ಏಜೆಂಟರು.

“ಹಬ್ಬಿಕೊಳ್ಳೋಕೆ ಅದೇನು ಕುಂಬಳಬಳ್ಳಿಯೇ?” ಎಂದರು ತಾತ.

ಏನಾದರೂ ಮಾಡಿದಂತೆ ಕಾಣಲೆಂದು ಅವನು ಗೋಡೆಯ ಹಲಗೆಯ ಮೇಲಿದ್ದ ಡಬ್ಬಿಯ ಮೇಲೆ ಎಡಗೈ ಇಟ್ಟ, ಬಲಗೈಯಿಂದ ಜೇಬಿನೊಳಗೆ ಒತ್ತಿದ. ಹಿರಿಸೊಸೆ ಪ್ರತ್ಯಕ್ಷಳಾದಳು.

ತಾತನೂ ಏಜೆಂಟರೂ ಜಗಳ ಬಿಟ್ಟು ಅವನ ಕೈ ನೋಡಿದರು.

“ಮದುವೆಯಾದಾಗಿನಿಂದ ನೀವು ಮುಟ್ಟಿದ್ದೆಲ್ಲ ಕೆಟ್ಟಿದೆ” ಎಂದಳು ಹೆಂಡತಿ, ಮೆಚ್ಚುಗೆಯಿಂದಲೇ. “ಇದೊಂದು ಸರಿಹೋಯ್ತು ನೋಡಿ.”

ಹೊಗಳಿಕೆ ಅವನಿಗೆ ಅಭ್ಯಾಸವಿರಲಿಲ್ಲ, ತಲೆಗೇರಿತು. ಕೈ ತೆಗೆದು ಜೇಬಿನಲ್ಲಿ ಒತ್ತಿದ: ಫುಟ್‌ಬಾಲ್, ಅವನ ತಂಡ ಒಂದು ಗೋಲು ಮುಂದಿತ್ತು. ಕೈ ಇಟ್ಟು ಒತ್ತಿದ: ಹಿರಿಸೊಸೆ. ಮತ್ತೆ ತೆಗೆದ: ಫುಟ್‌ಬಾಲ್. ಕದ್ದು ಬೆಣ್ಣೆ ತಿನ್ನುವ ಬೆಕ್ಕಿನ ಹಾಗೆ ಚೂರುಚೂರೇ ನೋಡಿಕೊಂಡ. ಈ ಏರ್ಪಾಟಿನಲ್ಲಿ ಪಂದ್ಯ ಅರ್ಧಕ್ಕರ್ಧ ದಕ್ಕುತ್ತದೆ ಎಂದು ಲೆಕ್ಕ ಹಾಕುತ್ತಿರುವಾಗ ತಾತ ತೊಡೆ ತಟ್ಟಿದರು.

“ಅರ್ತಿಂಗ್. ಇವನ ಮೈಯಲ್ಲಿ ಅರ್ತಿಂಗ್ ಇದೆ. ಡಬ್ಬಿಯ ಕೊಳೆಯೆಲ್ಲ ಇವನ ಕೈಯಿಂದ ಕಾಲಿಗಿಳಿದು ನೆಲಕ್ಕೆ ಹೋಗ್ತಿದೆ. ನಾನೇನು ಹೇಳಿದ್ದೆ? ತಂತಿ ಬೇಕೇ ಬೇಕು. ಇವನೇ ತಂತಿ.”

ಇದಕ್ಕೆ ಏಜೆಂಟರೂ ಒಪ್ಪಿದರು. ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಆ ಬೀದಿಯಲ್ಲಿ ಅದೇ ಮೊದಲು.

“ಹಾಗಾದ್ರೆ ಹಿಡ್ಕೊಂಡೇ ಇರಿ ಅಳಿಯಂದ್ರೇ” ಎಂದರು ಅತ್ತೆ. ಅವನು ಎಡಗೈ ಇಟ್ಟು ಜೇಬಿನಲ್ಲಿ ಒತ್ತಿದ, ಹಿರಿಸೊಸೆ ಬಂದಳು. ಅತ್ತೆ ಸೇರಿಸಿದರು: “ಎರಡೂ ಕೈ.”

“ಒಂದೇ ಸಾಕು ಅತ್ತೆ.”

“ಎರಡಿಟ್ರೆ ಗಟ್ಟಿ. ಅಲ್ವೇನ್ರೀ?”

ಗಟ್ಟಿ ಎಂದು ತಾತ ಶಾಸ್ತ್ರ ಹೇಳಿದರು. ಹೀಗೆ ಝೀರೋ ಪವರ್, ಗೋಡೆಗೆ ಮುಖ ಮಾಡಿ, ಎರಡೂ ಕೈ ಮೇಲೆತ್ತಿ, ಲೆಕ್ಕ ತಪ್ಪಿದ ಶಾಲೆ ಹುಡುಗನಂತೆ ನಿಂತ. ತೋಳು ಮರಗಟ್ಟಿತು. ಬೆನ್ನ ಹಿಂದೆ ಸೊಸೆಯ ಗಂಡ ಅತ್ತ, ಸೊಸೆಯ ಮಾವ ಅತ್ತರು, ಇವನ ಹೆಂಡತಿಯೂ ಅತ್ತಳು. ನಡುವೆ ಎರಡು ಸಲ ಬೀದಿಯ ಮನೆಗಳಿಂದೆಲ್ಲ ಒಟ್ಟಿಗೆ ಹೋ ಎಂಬ ಸದ್ದೆದ್ದಿತು. ಯಾರೋ ಗೋಲು ಹೊಡೆದಿದ್ದರು. ಸದ್ದು ಕೇಳಿದರೆ ಗೆದ್ದವರದೋ ಸೋತವರದೋ ತಿಳಿಯುತ್ತಿರಲಿಲ್ಲ.

“ಏಜೆಂಟ್ರೇ, ಸ್ಕೋರ್ ಎಷ್ಟಂತೆ?” ಎಂದು ಗೋಡೆಯನ್ನೇ ಕೇಳಿದ.

“ಶ್, ಅವಳು ಕಣ್ಣು ಬಿಟ್ಟಳು” ಎಂದರು ಏಜೆಂಟರು.

ಕಣ್ಣು ಬಿಟ್ಟ ಹಿರಿಸೊಸೆ ಸುತ್ತಲೂ ನೋಡಿ, “ನೀವೆಲ್ಲ ಯಾರು?” ಎಂದಳು. ನೆನಪು ಹೋಗಿತ್ತು. ಸಂಚಿಕೆ ಮುಗಿಯಿತು. ನೆರೆಯವರು ಅವನ ಬೆನ್ನು ತಟ್ಟಿ ಹೊರಟರು. ಹೆಂಡತಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು.

ಅವನು ಕೈ ಇಳಿಸುವ ಮೊದಲೇ ಅತ್ತೆ ಎದ್ದು ಬಂದು, ಅವನ ಜೇಬಿಗೆ ಎರಡು ಬೆರಳು ಹಾಕಿ, ರಿಮೋಟು ತೆಗೆದುಕೊಂಡರು.

“ಈಗ ಇಳಿಸಿ.”

“ಅತ್ತೆ… ನಿಮಗೆ ಯಾವಾಗ…?”

“ಎರಡನೇ ಸಲ ಜೇಬು ಅಲ್ಲಾಡಿದಾಗ. ಹೊರಗಿನವರ ಮುಂದೆ ಅಳಿಯಂದ್ರ ಮರ್ಯಾದೆ ತೆಗೀಬಾರ್ದು ಅಂತ ಸುಮ್ನಿದ್ದೆ.” ರಿಮೋಟನ್ನು ಸೆರಗಿಗೆ ಗಂಟು ಹಾಕಿಕೊಂಡರು. “ಒಳ್ಳೇ ಯಂತ್ರ. ವಾಪಸ್ ಕೊಡ್ಬೇಡಿ. ಇನ್ನು ನಾನು ಹಾಕಿದ್ದೇ ಒಳಗೂ ಬರುತ್ತೆ ಅಂತಾಯ್ತು.”

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಲೈನ್‌ಮನ್ ತಾತ ಹಿಂದಕ್ಕೆ ಬಂದಿದ್ದರು. ಮೆಟ್ಟಿಲ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದರು.

“ಆ ಏಜೆಂಟನಿಗೆ ಹೇಳ್ಬೇಡಪ್ಪ. ಒಂದು ವಾರದಿಂದ ನಮ್ಮನೆ ಟಿವಿ ಸತ್ತು ಬಿದ್ದಿದೆ. ಲೈನ್ ಎಲ್ಲಿ ಕಿತ್ತಿದೆಯೋ ನನಗೇ ಸಿಗ್ತಿಲ್ಲ. ಸ್ವಲ್ಪ ಬಂದು ಕೈ ಇಟ್ಟು ಹೋಗು.”

ಝೀರೋ ಪವರ್ ಅತ್ತೆಯ ಮುಖ ನೋಡಿದ. ಇಲ್ಲವೆಂದರೆ ನಿಜ ಹೇಳಬೇಕಿತ್ತು. ನಿಜ ಅತ್ತೆಯ ಸೆರಗಿನಲ್ಲಿತ್ತು.

“ಹೋಗಿ ಬನ್ನಿ ಅಳಿಯಂದ್ರೇ” ಎಂದರು ಅತ್ತೆ. “ದೊಡ್ಡವರು ಕೇಳ್ತಿದಾರೆ.”

ತಾತ ಆಗಲೇ ಅವನ ಮೊಣಕೈ ಹಿಡಿದಿದ್ದರು. “ಬಾ ಬಾ. ಹಾಗೇ ಫ್ರಿಜ್ಜೂ ಒಂದು ತಿಂಗಳಿಂದ ಗೊರ್ ಅಂತಿದೆ. ಟಿವಿಗೊಂದು ಕೈ, ಅದಕ್ಕೊಂದು ಕೈ. ಎರಡಿದೆಯಲ್ಲ.”