ಎಲ್ಲಿಗೆ ಹೊರಟಿರಿ, ಪಾಕ್?

ಜಾವಾ ದ್ವೀಪದ ನಮ್ಮ ಜೆಪಾರಾದ ಗಲ್ಲಿಯಲ್ಲಿ ಯಾರಾದರೂ ಕಾಲ್ನಡಿಗೆಯಲ್ಲಿ ಹೊರಟರೆ, ಅವನ ಬೈಕು ಕಳುವಾಗಿರಬೇಕು ಅಥವಾ ತಲೆ ಕೆಟ್ಟಿರಬೇಕು ಎಂದು ಜನ ಲೆಕ್ಕ ಹಾಕುತ್ತಾರೆ. ಗೊತ್ತಿದ್ದೂ, ನಾವೆಲ್ಲ ಪಾಕ್, ಅಂದರೆ ಅಪ್ಪ, ಎಂದು ಕರೆಯುವ ಮರ ಕೆತ್ತುವ ಕಸ್ಮಿಜಾನ್ ಆವತ್ತು ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ನಡೆದೇ ಹೋಗುತ್ತೇನೆ ಎಂದು ಚಪ್ಪಲಿ ಮೆಟ್ಟಿದರು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಹಜ್ ಯಾತ್ರೆಗೆ ಹೆಸರು ಕೊಟ್ಟು ಇಪ್ಪತ್ತು ವರ್ಷಕ್ಕೂ ಮೇಲೆ ಕಾದ ಮೇಲೆ, ಗಂಡ ಹೆಂಡತಿ ಇಬ್ಬರ ಸರದಿಯೂ ಈ ಸಲ ಒಟ್ಟಿಗೇ ಬಂದಿತ್ತು. ಹೋದರೆ ಇಬ್ಬರೂ ಹೋಗುವುದು ಎಂದು ಮದುವೆಯಾದ ಹೊಸದರಲ್ಲೇ ಮಾತಾಗಿತ್ತು. ಆದರೆ ಹೊರಡುವ ಮುಂಚೆ, ಉಸಿರು ಗಟ್ಟಿಯಿದೆ ಎಂದು ಆರೋಗ್ಯ ಕೇಂದ್ರದಲ್ಲಿ ಆರು ನಿಮಿಷ ನಡೆದು ತೋರಿಸಬೇಕಲ್ಲ! ಪಾಕ್ ಕಸ್ಮಿಜಾನರ ಪುಪ್ಪುಸದಲ್ಲಿ ನಲವತ್ತು ವರ್ಷ ಕೆತ್ತಿದ ತೇಗದ ಧೂಳು, ಅದರ ಮೇಲೆ ಅಷ್ಟೇ ವರ್ಷದ ಲವಂಗದ ಸಿಗರೇಟು. ಕೆಮ್ಮಿದರೆ ಗಲ್ಲಿಯ ಕೋಳಿಗಳು ಹೆದರಿ ಗೋಡೆ ಹಾರುತ್ತಿದ್ದವು. ಸಿಗರೇಟು ಬಿಟ್ಟು, ವ್ಯಾಯಾಮ ಹೇಳಿಕೊಡುವ ನಿಂಗ್ರುಮ್ ಎಂಬ ಹುಡುಗಿಯ ಕೈಕೆಳಗೆ ತಿಂಗಳುಗಟ್ಟಲೆ ಕಷ್ಟಪಟ್ಟಿದ್ದರು. ದೀಪ ಆರಿಸುವವರ ಹಾಗೆ ತುಟಿ ಚೂಪು ಮಾಡಿ ಉಸಿರು ಬಿಡುವುದು, ನೀರು ತುಂಬಿದ ಬಾಟಲಿ ಎತ್ತುವುದು, ಸ್ಮಶಾನದ ಹಿಂದಿನ ದಾರಿಯಲ್ಲಿ ನಡೆಯುವುದು. ಸ್ಮಶಾನವೇ ಯಾಕೆಂದರೆ, ಅಲ್ಲಿರುವವರು ಯಾರೂ ಬೈಕು ಹತ್ತಿ ಅನ್ನುವುದಿಲ್ಲ.

ಹೆಂಡತಿ ತುಮಿರಾ, ಗಲ್ಲಿಗೆಲ್ಲ ಬು, ಅಂದರೆ ಅಮ್ಮ, ದಿನವೂ ಜೊತೆಗೆ ಹೋಗಿ, ಮೊದಲ ಸಮಾಧಿಯ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ನೀವು ಹೋಗಿ ಬನ್ನಿ, ನಾನಿಲ್ಲೇ ಇರ್ತೀನಿ, ಅಷ್ಟೇ ಮಾತು. ಆಕೆ ಮೊದಲಿನಿಂದಲೂ ಮಿತಭಾಷಿ. ಹೆಂಗಸು ಅಂದರೆ ಹೀಗಿರಬೇಕು ಎಂದು ಗಲ್ಲಿಯ ಗಂಡಸರೆಲ್ಲ ತಮ್ಮ ತಮ್ಮ ಹೆಂಡತಿಯರಿಗೆ ಉದಾಹರಣೆ ಕೊಡುತ್ತಿದ್ದರು. ಆಕೆಯ ಪರೀಕ್ಷೆಯೂ ಅದೇ ದಿನ, ಗಂಡನದು ಮುಗಿದ ಮೇಲೆ. ಅದರ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ಕೆಮ್ಮು ಗಂಡನದು ತಾನೆ?

ಮನೆಯಿಂದ ನಾಲ್ಕು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಗಲ್ಲಿಯ ಮುಖಂಡ ಸರ್ಕೋವಿ ಬೈಕು ತಂದು ಅಡ್ಡ ನಿಲ್ಲಿಸಿದ.

"ಎಲ್ಲಿಗೆ ಹೊರಟಿರಿ, ಪಾಕ್?"

"ನಡೆಯೋ ಪರೀಕ್ಷೆಗೆ ಕಣಪ್ಪಾ."

"ಪರೀಕ್ಷೆಗೆ ನಡ್ಕೊಂಡ್ ಹೋಗ್ತಾರಾ ಯಾರಾದ್ರೂ? ಇರೋ ಶಕ್ತೀನೆಲ್ಲ ರಸ್ತೇಲೇ ಚೆಲ್ಲಿಬಿಟ್ರೆ ಅಲ್ಲೇನು ತೋರಿಸ್ತೀರಿ? ಹತ್ತಿ."

ಮೈ ಬೆಚ್ಚಗಾಗಲಿ ಎಂದು ನಿಂಗ್ರುಮ್ಮೇ ಹೇಳಿದ್ದಾಳೆ ಅಂದರೂ ಕೇಳಲಿಲ್ಲ. ಹಾಜಿ ಆಗುವವರಿಗೆ ನನ್ನ ಹಳೆ ಬೈಕು ಸೇರುತ್ತದೆಯೇ ಎಂದು ಮುಖ ಊದಿಸಿದ. ಬೇರೆ ದಾರಿ ಕಾಣದೆ ಪಾಕ್ ಹತ್ತಿದರು. ಬು ತುಮಿರಾ ಆಗಲೇ ಇನ್ನೊಬ್ಬನ ಬೈಕಿನ ಹಿಂದೆ ಕೂತಾಗಿತ್ತು. ಹರಸುವುದಕ್ಕೆಂದು ಹಿಂದೆ ಇನ್ನೂ ಏಳೆಂಟು ಬೈಕುಗಳು ಹೊರಟವು. ಇಂಥ ದಯೆ ಶತ್ರುವಿಗೂ ಬೇಡ.

ಆರೋಗ್ಯ ಕೇಂದ್ರದ ಉದ್ದನೆಯ ಪಡಸಾಲೆಯ ಎರಡೂ ತುದಿಗೆ ನಿಂಗ್ರುಮ್ ಪ್ಲಾಸ್ಟಿಕ್ ಬಕೆಟು ಬೋರಲು ಹಾಕಿದ್ದಳು. ಒಂದರಿಂದ ಇನ್ನೊಂದಕ್ಕೆ, ತಿರುಗಿ ಮತ್ತೆ ಇದಕ್ಕೆ, ಅಷ್ಟೇ. ಆದರೆ ಗೋಡೆಗುಂಟ ಬೆಂಚುಗಳ ತುಂಬ ಊರಿನ ಹಿರಿಯರು ಮಾತ್ರೆಗೆ ಕಾದು ಕೂತಿದ್ದರು. ಕೂತ ಹಿರಿಯರ ಮುಂದೆ ಜಾವಾದವನು ಎದೆ ಸೆಟೆಸಿ ನಡೆದಾನೆಯೇ? ಸೊಂಟ ಬಗ್ಗಿಸಿ, ಬಲಗೈ ನೆಲದತ್ತ ಚಾಚಿ, ಅಪ್ಪಣೆ ಕೇಳುತ್ತ ದಾಟಬೇಕು. ಪಾಕ್ ಕಸ್ಮಿಜಾನ್ ಬಗ್ಗಿದರು. ಒಬ್ಬರ ಮುಂದೆ ಬಗ್ಗಿ ಪಕ್ಕದವರ ಮುಂದೆ ಎದ್ದರೆ ಅವಮಾನವಾದೀತೆಂದು ಬಗ್ಗಿಕೊಂಡೇ ಹೋದರು.

"ನೆಟ್ಟಗೆ, ಪಾಕ್, ನೆಟ್ಟಗೆ ನಡೀರಿ," ಎಂದಳು ನಿಂಗ್ರುಮ್.

ನೆಟ್ಟಗಾಗುವಷ್ಟರಲ್ಲಿ ಮಸೀದಿಯ ಹಿರಿಯರೊಬ್ಬರು ಎಲ್ಲಿಗೆ ಹೊರಟಿರಿ ಎಂದರು. ಆ ತುದಿಗೆ ಅಂದರು ಪಾಕ್. ವಾಪಸು ಬರುವಾಗ ಅವರೇ ಮತ್ತೆ ಕೇಳಿದರು. ಈ ತುದಿಗೆ. ಮೂರನೆಯ ಸಲ, ಮನೆಯಲ್ಲಿ ಏನಾದರೂ ಜಗಳವೇ ಎಂದು ವಿಚಾರಿಸಿದರು. ತುಟಿ ಚೂಪು ಮಾಡಿ ಉಸಿರು ಬಿಟ್ಟರೆ ಬಟ್ಟೆ ಅಂಗಡಿಯ ವಿಧವೆ ತನಗೇ ಸಿಳ್ಳೆ ಹೊಡೆದರೆಂದು ಸೆರಗು ಎಳೆದುಕೊಂಡಳು. ಸರ್ಕೋವಿ ಪಾಪ ಕೂತು ಸುಧಾರಿಸಿಕೊಳ್ಳಲಿ ಎಂದು ದಾರಿಗೇ ಕುರ್ಚಿ ತಂದಿಟ್ಟ. ಅದನ್ನು ಸುತ್ತಿಕೊಂಡು, ಬೆವರು ಸುರಿಸಿಕೊಂಡು, ಎದೆ ತಿದಿಯಾದರೂ ಪಾಕ್ ನಿಲ್ಲಲಿಲ್ಲ. ನಿಂಗ್ರುಮ್ ಸಾಕು ಎಂದಾಗ ಪಾಸಾಗಲು ಬೇಕಾದ ದೂರಕ್ಕಿಂತ ಎರಡು ಮಾರು ಹೆಚ್ಚೇ ನಡೆದಿದ್ದರು!

ಪಡಸಾಲೆಯೆಲ್ಲ ಚಪ್ಪಾಳೆ. ಆಗಲೇ ಎಲ್ಲರ ಬಾಯಲ್ಲೂ ಪಾಕ್ ಹಾಜಿ, ಪಾಕ್ ಹಾಜಿ. ಖುಷಿಯಲ್ಲಿ ಅವರು ಹೆಂಡತಿಯನ್ನು ಛೇಡಿಸಿದರು. "ಏಳು ಬು. ಸಮಾಧಿ ಕಟ್ಟೆ ಮೇಲೆ ಕೂತು ಮೈಗಳ್ಳಿ ಆಗಿದ್ದೀಯ. ಈಗ ನಿನ್ನ ಸರದಿ."

ಬು ತುಮಿರಾ ಎದ್ದರು. ನಾಲ್ಕನೆಯ ಬೆಂಚಿನವರೆಗೆ ನಡೆದು ಗೋಡೆಗೆ ಕೈ ಕೊಟ್ಟರು. ತುಟಿ ನೀಲಿಯಾಗಿತ್ತು. ಸರ್ಕೋವಿ ಇಟ್ಟ ಕುರ್ಚಿ ಆಗ ಉಪಯೋಗಕ್ಕೆ ಬಂತು.

ಗಂಡ ಕೆತ್ತಿದ್ದನ್ನೆಲ್ಲ ಪಕ್ಕದಲ್ಲೇ ಕೂತು ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿದ್ದು ಆಕೆಯೇ. ಕೆತ್ತಿದವನಿಗೆ ಸಿಕ್ಕಿದ್ದು ಮರದ ಚೂರು. ಹಿಟ್ಟಿನಂಥ ಧೂಳೆಲ್ಲ ಉಜ್ಜಿದವಳ ಪಾಲಿಗೆ. ಡಾಕ್ಟರು ಬಂದು ಬೆನ್ನಿಗೆ ಕೊಳವೆ ಇಟ್ಟು ತುಂಬ ಹೊತ್ತು ಕೇಳಿದರು. ಈ ಸಲ ಆಗಲ್ಲಮ್ಮಾ ಅಂದರು. ಮುಂದಿನ ಸಲದ ಮಾತನ್ನು ಅವರು ಎತ್ತಲಿಲ್ಲ.

"ಯಾಕೆ ಹೇಳಲಿಲ್ಲ ನೀನು?" ಪಾಕ್ ದನಿ ಒಡೆದಿತ್ತು.

ಆಕೆ ಎರಡು ಸಲ ಉಸಿರು ಎಳೆದುಕೊಂಡರು. "ಮಾತಾಡಿದ್ರೆ ಉಸಿರು ಸಾಲ್ತಿರಲಿಲ್ಲ, ಪಾಕ್. ಆಮೇಲೆ, ನಿಮ್ಮ ಕೆಮ್ಮಿನ ಮಧ್ಯೆ ನಂಗೆ ಜಾಗ ಎಲ್ಲಿತ್ತು?"

ಆಕೆಯ ಮಿತಭಾಷೆಯನ್ನು ಹೊಗಳಿದ ನಾವೆಲ್ಲ ಅಲ್ಲೇ ನಿಂತಿದ್ದೆವು. ಪಾಕ್ ಕಸ್ಮಿಜಾನ್ ನಿಂಗ್ರುಮ್ ಹತ್ತಿರ ಹೋಗಿ, ನನಗೂ ಆಗಲಿಲ್ಲ ಅಂತ ಬರೆದುಬಿಡಮ್ಮಾ ಎಂದು ಕೈ ಮುಗಿದರು.

"ಊರಿಗೂರೇ ಚಪ್ಪಾಳೆ ತಟ್ಟಿದೆ, ಪಾಕ್," ಅಂದಳು ಹುಡುಗಿ. ಅವಳ ಕಣ್ಣೂ ತುಂಬಿತ್ತು.

ಸರ್ಕೋವಿ, ನೀವು ಹೋಗಿ ಬನ್ನಿ, ಬು ಪರವಾಗಿ ಅಲ್ಲೇ ಬೇಡಿಕೊಂಡರಾಯಿತು ಎಂದು ಸಮಾಧಾನ ಹೇಳಿ ಬೈಕು ತಂದ. ಪಾಕ್ ಹೆಂಡತಿಯನ್ನು ಅದರ ಮೇಲೆ ಕೂರಿಸಿದರು. ತಾವು ಹತ್ತಲಿಲ್ಲ. ಬೈಕು ಮುಂದೆ ಹೋಯಿತು, ಅವರು ಹಿಂದೆ ನಡೆದರು.

ಗಲ್ಲಿಯಲ್ಲಿ ಬಾಗಿಲು ಬಾಗಿಲಿಗೂ ಜನ, ಎಲ್ಲಿಗೆ ಹೊರಟಿರಿ ಪಾಕ್ ಹಾಜಿ ಎಂದು ನಗುನಗುತ್ತ ಕೇಳಿದರು. ಉತ್ತರ ಹೇಳುವುದಕ್ಕೆ ಉಸಿರೇನೋ ಬೇಕಾದಷ್ಟಿತ್ತು. ಉತ್ತರ ಇರಲಿಲ್ಲ.