ಭಂಗಿ ಬೀಜದ ಬ್ರೌನಿ

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎಂದು ನಮ್ಮ ಕಡೆ ಒಂದು ಮಾತಿದೆ. ನಾನು ಕರೆಯುವುದಷ್ಟೇ ಅಲ್ಲ, ಒಳಗೆ ಕೂರಿಸಿ, "ತಾವು ಯಾವ ಕಡೆಯವರು, ಏನು ತಗೋತೀರಿ?" ಎಂದು ವಿಚಾರಿಸುವ ಪೈಕಿ. ಕುತೂಹಲ ನನಗೆ ಹುಟ್ಟುಗುಣ. ಅದಕ್ಕೇ ಇಂಥ ಪ್ರಸಂಗಗಳು ನನ್ನ ವಿಳಾಸ ಹುಡುಕಿಕೊಂಡು ಬರುತ್ತಲೇ ಇರುತ್ತವೆ. ಮೈಸೂರಿನಲ್ಲಿದ್ದಾಗಲೂ ಬರುತ್ತಿದ್ದವು, ಜಪಾನಿನ ಸೆಂಡಾಯಿಗೆ ಬಂದ ಮೇಲೂ ತಪ್ಪಲಿಲ್ಲ.

ದೊಡ್ಡ ಭೂಕಂಪವಾಗಿ ಕೆಲವು ವರ್ಷಗಳಾಗಿದ್ದವು. ಅಲ್ಲಿನ ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಸಮುದ್ರ ನುಗ್ಗಿ ಹೋದ ಗದ್ದೆಗಳ ಮಣ್ಣು ತಂದು ಅದರಲ್ಲಿ ಏನೇನು ಬೆರೆತಿದೆ ಎಂದು ಮೆಷಿನ್ನಿನಲ್ಲಿ ನೋಡುವುದು. ಗಂಡನ ಸಾಫ್ಟ್‌ವೇರ್ ಕೆಲಸ ಟೋಕಿಯೋದಲ್ಲಿ. ವಾರವೆಲ್ಲ ಅಲ್ಲೇ ಹತ್ತಿರದ ಗ್ಯೋಟೋಕುವಿನಲ್ಲಿದ್ದು ಶುಕ್ರವಾರ ಸಂಜೆ ರೈಲು ಹತ್ತಿ ಬರುತ್ತಿದ್ದರು. ಮಗಳು ಸೆಂಡಾಯಿಯ ಶಾಲೆಯಲ್ಲಿ ಬೇರುಬಿಟ್ಟು ಕನಸನ್ನೂ ಜಪಾನೀ ಭಾಷೆಯಲ್ಲೇ ಕಾಣುತ್ತಿದ್ದಳು. ಮಾರ್ಚ್ ಕೊನೆಗೆ ನನ್ನ ಕಾಂಟ್ರಾಕ್ಟ್ ಮುಗಿಯುವುದಿತ್ತು. ಅದನ್ನು ಮುಂದುವರಿಸುವುದೂ ಬಿಡುವುದೂ ನಮ್ಮ ಪ್ರೊಫೆಸರ್, ಅಂದರೆ ಸೆನ್ಸೆ, ಅವರ ಕೈಯಲ್ಲಿತ್ತು. ಬಿಟ್ಟರೆ ಮಗಳ ಶಾಲೆ ಬಿಡಿಸಿಕೊಂಡು ಗಂಟುಮೂಟೆ ಕಟ್ಟಬೇಕು. ನನಗೆ ಆ ಊರು ಬಿಡುವ ಮನಸ್ಸು ಸುತರಾಂ ಇರಲಿಲ್ಲ.

ಇಷ್ಟು ತಲೆಬಿಸಿ ಇದ್ದಾಗ ಬುದ್ಧಿವಂತರು ತೆಪ್ಪಗಿರುತ್ತಾರೆ. ನಾನು ಬ್ರೌನಿ ಮಾಡಲು ಕಲಿತೆ.

ಗುಂಡಿ ಒತ್ತಿದ್ದು

ಹಳೇ ಸಾಮಾನಿನ ಅಂಗಡಿಯಿಂದ ಒಂದು ಓವನ್ ತಂದಿದ್ದೆವು. ಮೈಮೇಲೆಲ್ಲ ಗುಂಡಿಗಳು, ಗುಂಡಿಗಳ ಮೇಲೆಲ್ಲ ಜಪಾನೀ ಅಕ್ಷರಗಳು. ಮೊದಲ ದಿನ, ನೋಡಲು ಲಕ್ಷಣವಾಗಿದ್ದ ಒಂದು ಗುಂಡಿ ಒತ್ತಿದೆ. ಪೆಟ್ಟಿಗೆ ಗುಂಯ್‌ಗುಟ್ಟಿತು, ಸ್ವಲ್ಪ ಹೊತ್ತಿಗೇ ಸಂಗೀತ ನುಡಿಸಿ ನಿಂತಿತು. ಇಷ್ಟು ಬೇಗ ಬೆಂದಿತೇ ಎಂದು ಜಪಾನಿನ ತಂತ್ರಜ್ಞಾನಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಶಾಲೆಯಿಂದ ಬಂದ ಮಗಳು ಗುಂಡಿ ಓದಿ ಹೇಳಿದಳು: "ಅಮ್ಮಾ, ದಿಸ್ ಈಸ್ ನಾಟ್ ಫಾರ್ ಕೇಕ್. ಇದು ಸಾಕೆ ಬಿಸಿ ಮಾಡೋ ಬಟನ್. ಅಪ್ಪಂದಿರು ಕುಡೀತಾರಲ್ಲ, ಅದು."

ಉಗುರುಬೆಚ್ಚಗಿನ ಹಿಟ್ಟನ್ನು ಏನು ಮಾಡುವುದೆಂದು ತಿಳಿಯದೆ ಬಟ್ಟಲಿಗೆ ಸುರಿದು ಮೇಜಿನ ಮೇಲಿಟ್ಟೆ. ಅವತ್ತು ಶುಕ್ರವಾರ. ಸಂಜೆ ಬಂದ ಗಂಡ ಕೇಳದೆಯೇ ಎರಡು ಚಮಚ ಬಾಯಿಗೆ ಹಾಕಿಕೊಂಡರು.

"ಹಲ್ವಾ ಚೆನ್ನಾಗಿದೆ ಕಣೇ," ಎಂದರು. "ಏಲಕ್ಕಿ ಮಾತ್ರ ಮರೆತಿದೀಯ."

ಏಳನೆಯ ಪದಾರ್ಥ

ಜಪಾನಿನಲ್ಲಿ ಉದೋನ್ ಶಾವಿಗೆಯ ಮೇಲೆ ಉದುರಿಸಿಕೊಳ್ಳಲು ಮೇಜಿನ ಮೇಲೆ ಒಂದು ಪುಟ್ಟ ಡಬ್ಬಿ ಇರುತ್ತದೆ. ಏಳು ಪದಾರ್ಥಗಳ ಖಾರದಪುಡಿ. ಒಂದು ಭಾನುವಾರ ಗಂಡನ ಜೊತೆ ಉದೋನ್ ಅಂಗಡಿಗೆ ಹೋದಾಗ ಅದನ್ನು ಅಂಗೈಗೆ ಸುರಿದುಕೊಂಡು ಲೆಕ್ಕ ಹಾಕಲು ಕೂತೆ. ಮೆಣಸಿನಕಾಯಿ ಸರಿ, ಎಳ್ಳು ಸರಿ, ಕಿತ್ತಳೆ ಸಿಪ್ಪೆ ಸರಿ, ಗಸಗಸೆ ಸರಿ. ಕೊತ್ತಂಬರಿ ಬೀಜಕ್ಕಿಂತ ಚಿಕ್ಕದಾದ, ಕಟುಂ ಎನ್ನುವ ಒಂದು ಉರುಟು ಬೀಜ ಮಾತ್ರ ಯಾವುದೆಂದು ತಿಳಿಯಲಿಲ್ಲ. ಅಂಗಡಿಯ ಯಜಮಾನನನ್ನೇ ಕೇಳಿದೆ. ಆತ ಹೆಸರು ಹೇಳಿದ. ಫೋನಿನಲ್ಲಿ ಹುಡುಕಿದರೆ ಬೆರಳು ಚಾಚಿದ ಹಸಿರು ಎಲೆಯೊಂದು ಪರದೆಯ ತುಂಬ ಬಂತು. ಗಾಂಜಾ ಗಿಡ.

ಗಂಡ ಕೈಯಲ್ಲಿದ್ದ ಡಬ್ಬಿಯನ್ನು ಬಿಸಿ ಕೆಂಡದಂತೆ ಕೆಳಗಿಟ್ಟರು. "ಏಳೇ, ಏಳು! ಇಲ್ಲಿ ಅದರ ಒಂದು ಎಲೆ ಸಿಕ್ಕಿದ್ರೂ ಜೈಲು. ಆಮೇಲೆ ಸೀದಾ ಏರ್‌ಪೋರ್ಟು. ಕಾಂಟ್ರಾಕ್ಟ್ ಟೈಮ್‌ನಲ್ಲಿ ನಿನಗಿದೆಲ್ಲ ಬೇಕಾ?"

ಯಜಮಾನ ನಕ್ಕು ನಿಧಾನವಾಗಿ ವಿವರಿಸಿದ. ಎಲೆ ಹೂವಿಗೆ ಕಾನೂನು, ಬೀಜಕ್ಕಿಲ್ಲ. ಬೀಜದಲ್ಲಿ ನಶೆಯಿಲ್ಲ. ಮೊಳೆಯದ ಹಾಗೆ ಹುರಿದು ಮಾರುತ್ತಾರೆ. ಅಜ್ಜಂದಿರ ಕಾಲದಿಂದಲೂ ತಿನ್ನುತ್ತಿದ್ದೇವೆ, ಎಂದ.

"ನೋಡಿದ್ರಾ?" ಎಂದೆ. "ನಾವು ಹುಚ್ಚೆಳ್ಳು ಪುಡಿ ತಿಂದು ಬೆಳೆದವರಲ್ವಾ? ಯಾರಿಗಾದ್ರೂ ಹುಚ್ಚು ಹಿಡೀತಾ?"

ಗಂಡ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದನ್ನೇ ಯೋಚಿಸ್ತಿದೀನಿ," ಎಂದರು.

ಅತ್ತೆಯ ಪ್ರಶ್ನೆ

ಮಗಳಿಗೆ ವಾಲ್‌ನಟ್ ತಿಂದರೆ ಮೈಯೆಲ್ಲ ಗಂಧೆ ಏಳುತ್ತದೆ. ಆದರೆ ಬ್ರೌನಿಯ ನಡುವೆ ಹಲ್ಲಿಗೆ ಏನಾದರೂ ಸಿಕ್ಕಬೇಕಲ್ಲ? ಸ್ಟೇಷನ್ ಹತ್ತಿರದ ಆರೋಗ್ಯ ಪದಾರ್ಥಗಳ ಅಂಗಡಿಯಲ್ಲಿ ಅದೇ ಹುರಿದ ಬೀಜ ಸಿಕ್ಕಿತು. ಹೊರದೇಶದಿಂದ ಬಂದ ಗಟ್ಟಿಮುಟ್ಟಾದ ಬೆಳ್ಳಿ ಬಣ್ಣದ ಪೊಟ್ಟಣ, ಬಾಯಿಗೆ ಜಿಪ್ಪು. ಮೊಟ್ಟೆಗೆ ಬದಲು ಮೊಸರು, ಮೇಲೆ ಈ ಬೀಜ. ಈ ಸಲ ಸರಿಯಾದ ಗುಂಡಿ. ಬ್ರೌನಿ ಅದ್ಭುತವಾಗಿ ಬಂತು.

ಗಂಡನಿಗೆ ಮಾತ್ರ ಸಮಾಧಾನವಿಲ್ಲ. ವಿಡಿಯೋ ಕಾಲ್ ಮಾಡಿ ಮೈಸೂರಿನಲ್ಲಿದ್ದ ಅವರಮ್ಮನ ಮುಂದೆ ನನ್ನ ಮೇಲೆ ದೂರು ಕೊಟ್ಟರು. "ಅಮ್ಮಾ, ನಿನ್ನ ಸೊಸೆ ಭಂಗಿ ಬೀಜ ಹಾಕಿ ಕೇಕ್ ಮಾಡಿದಾಳೆ."

ಅತ್ತೆಯ ಮುಖ ಅರಳಿತು. "ಹೌದೇನಮ್ಮಾ? ಕಾಶಿಗೆ ಹೋದಾಗ ನಿಮ್ಮ ಮಾವ ಅಲ್ಲಿಯ ಲಸ್ಸಿ ಅಂತ ಒಂದು ಲೋಟ ಕುಡಿದುಬಿಟ್ರು. ಆಮೇಲೆ ದೋಣೀಲಿ ಎದ್ದು ನಿಂತ್ಕೊಂಡು, ಶ್ರೀರಂಗಪಟ್ಟಣ ಬಂತು, ಎಲ್ಲ ಇಳೀರಿ ಇಳೀರಿ ಅಂತ ಒಂದೇ ಸಮ ಕೂಗೋದು. ಗಂಗೆ ಮಧ್ಯದಲ್ಲಿ! ಒಬ್ಬ ಮುದುಕ ಚೀಲ ಎತ್ಕೊಂಡು ರೆಡಿಯಾಗೇಬಿಟ್ಟಿದ್ದ."

"ಇದು ಹಾಗಲ್ಲ ಅತ್ತೆ," ಎಂದೆ. "ಬೀಜದಲ್ಲಿ ನಶೆ ಗಿಶೆ ಏನೂ ಇರಲ್ಲ."

ಅತ್ತೆಯ ಮುಖದಲ್ಲಿ ನಿರಾಸೆ ಕಂಡಿತು.

"ಹಾಗಾದ್ರೆ ಯಾಕಮ್ಮಾ ಹಾಕ್ತೀಯ?" ಎಂದರು.

ಮೂರು ಗಂಟೆಯ ಚಹಾ

ನಮ್ಮ ಪ್ರಯೋಗಾಲಯದಲ್ಲಿ ಮಧ್ಯಾಹ್ನ ಮೂರಕ್ಕೆ ಎಲ್ಲರೂ ಚಹಾಕ್ಕೆ ಸೇರುತ್ತಾರೆ. ಊರಿಗೆ ಹೋಗಿ ಬಂದವರು ಅಲ್ಲಿಯ ಸಿಹಿ ತಂದು ಹಂಚುವುದು ರೂಢಿ. ಎಲ್ಲರ ಸಿಹಿ ತಿಂದು ತಿಂದು ನನಗೂ ಸಂಕೋಚವಾಗಿತ್ತು. ಒಂದು ಸೋಮವಾರ ಬ್ರೌನಿ ಒಯ್ದೆ.

ಏತರಲ್ಲಿ ಒಯ್ದೆ ಎನ್ನುವುದೇ ಇಲ್ಲಿ ಮುಖ್ಯ. ನಮ್ಮ ಮನೆಗಳಲ್ಲಿ ಗಟ್ಟಿಯಾದ ಕವರನ್ನು ಎಸೆದವರುಂಟೇ? ಐಸ್‌ಕ್ರೀಮ್ ಡಬ್ಬಿಯಲ್ಲಿ ಕರಿಬೇವು, ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ, ಹಾರ್ಲಿಕ್ಸ್ ಬಾಟಲಿಯಲ್ಲಿ ತೊಗರಿಬೇಳೆ. ನಾನು ಆ ಬೆಳ್ಳಿ ಪೊಟ್ಟಣವನ್ನು ತೊಳೆದು ಒರೆಸಿ ಬ್ರೌನಿಗಳನ್ನು ಅದರಲ್ಲಿ ಜೋಡಿಸಿದ್ದೆ. ಪೊಟ್ಟಣದ ಮೇಲೆ ಅಂಗೈಯಗಲದ ಹಸಿರು ಗಾಂಜಾ ಎಲೆಯ ಚಿತ್ರ, ಅದರ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಗಿಡದ ಹೆಸರು. ಸಣ್ಣ ಅಕ್ಷರದ 'ಬೀಜ' ಎಂಬ ಪದ ನಾನು ಉಜ್ಜಿದ ರಭಸಕ್ಕೆ ಅಳಿಸಿಹೋಗಿತ್ತು. ಅದನ್ನು ನಾನು ಗಮನಿಸಿರಲಿಲ್ಲ. ಜಪಾನಿನಲ್ಲಾದರೋ ಕವರಿನ ಮೇಲೆ ಏನು ಬರೆದಿದೆಯೋ ಒಳಗೆ ಅದೇ ಇರುತ್ತದೆ. ಬೇರೆ ಇರಬಹುದು ಎಂಬ ಅನುಮಾನವೇ ಅವರಿಗೆ ಬರುವುದಿಲ್ಲ.

ಎಲ್ಲರೂ ಎರಡೂ ಕೈಯೊಡ್ಡಿ, ತಲೆಬಾಗಿ, "ಅರಿಗಾತೋ ಗೊಝಾಯಿಮಾಸ್," ಎಂದು ಧನ್ಯವಾದ ಹೇಳಿ ಒಂದೊಂದು ತೆಗೆದುಕೊಂಡರು. ಕೊಟ್ಟದ್ದನ್ನು ಬೇಡ ಎನ್ನುವ ಪದ್ಧತಿ ಅಲ್ಲಿಲ್ಲ. ಆದರೆ ಒಬ್ಬರೂ ಬಾಯಿಗಿಡಲಿಲ್ಲ. ಗೌರವಕ್ಕೆ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡೆ.

ನನ್ನ ಪಕ್ಕದ ಮೇಜಿನ ಪಿಎಚ್‌ಡಿ ವಿದ್ಯಾರ್ಥಿ ಮೆಲ್ಲಗೆ ಕೇಳಿದ: "ಸುಮಿಮಾಸೆನ್, ಕ್ಷಮಿಸಿ, ಇದನ್ನು ಮನೆಯಲ್ಲೇ ಮಾಡಿದಿರಾ?"

"ಹೌದು, ನಾನೇ."

"ಆ ಪದಾರ್ಥ... ಎಲ್ಲಿ ಸಿಗುತ್ತದೆ?"

"ಇಲ್ಲೇ, ಸ್ಟೇಷನ್ ಹತ್ತಿರ. ನಿಮಗೂ ಬೇಕಾದರೆ ತಂದುಕೊಡ್ತೀನಿ."

ಅವನ ಮುಖದಲ್ಲಿ ರಕ್ತವಿರಲಿಲ್ಲ. ಪಾಪ, ನಾಚಿಕೆ ಸ್ವಭಾವದವನೆಂದು ನಾನೇ ಮಾತು ಮುಂದುವರಿಸಿದೆ. "ನಾನಂತೂ ದಿನಾ ಬೆಳಿಗ್ಗೆ ಒಂದು ತಿಂದೇ ಬರೋದು. ಕೆಲಸಕ್ಕೆ ಹುಮ್ಮಸ್ಸು ಬರುತ್ತೆ. ನನ್ನ ಮಗಳಿಗೆ ಇದಿಲ್ಲದೆ ಆಗೋದೇ ಇಲ್ಲ."

"ಮಗಳಿಗೂ?" ಎಂದ.

"ಅಷ್ಟೇ ಯಾಕೆ, ಊರಲ್ಲಿರೋ ನಮ್ಮತ್ತೆಗೆ ಇದರಲ್ಲಿ ನಶೆ ಇಲ್ಲ ಅಂತಾನೇ ಬೇಜಾರು," ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವನು ಎದ್ದು ಹೋಗಿದ್ದ.

ಮುಚ್ಚಿದ ಬಾಗಿಲು

ಆ ವಾರವೆಲ್ಲ ನನಗೆ ರಾಜೋಪಚಾರ. ನಾನು ಆಸಿಡ್ ಬಾಟಲಿ ಎತ್ತಿದರೆ ಆ ವಿದ್ಯಾರ್ಥಿ ಓಡಿ ಬಂದು ತಾನೇ ಹಿಡಿದುಕೊಳ್ಳುತ್ತಿದ್ದ. ಮೆಟ್ಟಿಲಿಳಿಯುವಾಗ ಸೆನ್ಸೆಯ ಸೆಕ್ರೆಟರಿ ಮೇಡಂ ತೋಳಿಗೆ ಆಸರೆ ಕೊಡುತ್ತಿದ್ದರು. ಜಪಾನೀಯರ ಸೌಜನ್ಯವನ್ನು ಫೋನಿನಲ್ಲಿ ಗಂಡನಿಗೆ ಬಣ್ಣಿಸಿದರೆ ಅವರು, "ಕಾಂಟ್ರಾಕ್ಟ್ ಕೊಡಲ್ಲ ಅನ್ನೋವಾಗ ಹಿಂಗೇ ಚೆನ್ನಾಗಿ ನೋಡ್ಕೋತಾರೆ," ಎಂದು ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಿಸಿದರು.

ಶುಕ್ರವಾರ ಸೆನ್ಸೆ ನನ್ನನ್ನು ಕರೆದು ಬಾಗಿಲು ಮುಚ್ಚಿದರು. ಆ ಬಾಗಿಲು ಮುಚ್ಚಿದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಆಯಿತು, ಮುಗಿಯಿತು ನನ್ನ ಕಥೆ ಎಂದುಕೊಂಡೆ. ಮಗಳಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಾ ಕಣ್ಣು ತುಂಬಿ ಬಂತು.

ಸೆನ್ಸೆ ಕಿಟಕಿಯಾಚೆ ನೋಡುತ್ತಾ ಹವೆ ತಣ್ಣಗಿದೆ ಎಂದರು. ಗಂಡ ದೂರದಲ್ಲಿರುವುದು ಕಷ್ಟವೇ ಎಂದರು. ಕೊನೆಗೆ, "ಮನೆಯಲ್ಲಿ ಕೇಕ್ ಮಾಡುವುದನ್ನು ಸ್ವಲ್ಪ ದಿನ ನಿಲ್ಲಿಸಿದರೆ ಹೇಗೆ?" ಎಂದರು.

ಅಳು ನಿಂತು ಕೋಪ ಬಂತು. "ಅಷ್ಟು ಕೆಟ್ಟದಾಗಿತ್ತಾ ಸೆನ್ಸೆ?"

"ಇಲ್ಲ ಇಲ್ಲ, ನಾನು ತಿಂದಿಲ್ಲ. ಯಾರೂ ತಿಂದಿಲ್ಲ." ಅವರು ಡ್ರಾಯರು ಎಳೆದು, ಮಣ್ಣಿನ ಮಾದರಿ ಇಡುವ ಚೀಲವೊಂದನ್ನು ಮೇಜಿನ ಮೇಲಿಟ್ಟರು. ಒಳಗೆ ಮೂಲೆ ಕತ್ತರಿಸಿದ ನನ್ನ ಬ್ರೌನಿ. ಪಕ್ಕದಲ್ಲಿ ಎಲೆಯ ಚಿತ್ರದ ನನ್ನ ಪೊಟ್ಟಣ. ಆಗ ನನಗೆ ಎಲ್ಲ ಅರ್ಥವಾಯಿತು.

"ಪುರಾವೆಯಿಲ್ಲದೆ ಸಹೋದ್ಯೋಗಿಯನ್ನು ಅನುಮಾನಿಸುವುದು ತಪ್ಪು," ಎಂದರು ಸೆನ್ಸೆ. "ಅದಕ್ಕೆ ನಿಮಗೆ ಹೇಳದೆ ಮೆಷಿನ್ನಿಗೆ ಹಾಕಿದೆವು. ಮಾದಕ ವಸ್ತು ಸ್ವಲ್ಪವೂ ಇಲ್ಲ. ದಯವಿಟ್ಟು ಕ್ಷಮಿಸಬೇಕು." ಸೊಂಟದವರೆಗೆ ಬಾಗಿದರು. ಮತ್ತೆ ನೆಟ್ಟಗೆ ನಿಂತು, ಕೇಕ್ ನಿಲ್ಲಿಸಿ ಎಂದದ್ದರ ಕಾರಣವನ್ನು ಗಂಭೀರವಾಗಿ ಸೇರಿಸಿದರು: "ಆದರೆ ಸಕ್ಕರೆ ಅಪಾಯದ ಮಟ್ಟದಲ್ಲಿದೆ."

ಸೆನ್ಸೆ ನಕ್ಕಿದ್ದು

"ಒಂದೇ ಅರ್ಥವಾಗಲಿಲ್ಲ," ಎಂದರು ಸೆನ್ಸೆ. "ಕೇಕಿಗೆ ಈ ಪೊಟ್ಟಣ ಯಾಕೆ?"

ಬೀಜದ ಕಥೆ ಹೇಳಿದೆ. ಆಮೇಲೆ ನಮ್ಮ ಮನೆಗಳ ಡಬ್ಬಿಗಳ ಕಥೆಯನ್ನೂ ಹೇಳಿದೆ. ನಮ್ಮ ತಾತ ಒಮ್ಮೆ ಟೂತ್‌ಪೌಡರ್ ಡಬ್ಬಿಯಲ್ಲಿ ಅಜ್ಜಿ ತುಂಬಿಟ್ಟಿದ್ದ ಇಂಗಿನಿಂದ ಹಲ್ಲುಜ್ಜಿ, ಅದೇ ಬಾಯಲ್ಲಿ ಮಗಳಿಗೆ ಗಂಡು ನೋಡಲು ಹೋಗಿದ್ದನ್ನೂ ಹೇಳಿದೆ.

ಸೆನ್ಸೆಯ ಹೆಗಲು ಅಲುಗಿತು. ಗಂಟಲಿನಿಂದ ಕುಯ್ ಎಂಬ ಸದ್ದು ಬಂತು. ನಕ್ಕರು! ಭೂಕಂಪದಲ್ಲಿ ಪ್ರಯೋಗಾಲಯದ ಕಪಾಟುಗಳೆಲ್ಲ ನೆಲಕ್ಕುರುಳಿ, ಜೀವಮಾನದ ಕೆಲಸ ಪುಡಿಯಾದ ಮೇಲೆ ಅವರು ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲವಂತೆ. ಈಗ ಮೇಜು ತಟ್ಟಿ ತಟ್ಟಿ ನಗುತ್ತಿದ್ದರು. ನನಗೂ ತಡೆಯಲಾಗಲಿಲ್ಲ. ನನ್ನ ಮೇಲೆ ನಂಬಿಕೆ ತೋರಿಸಲೆಂದು ಸೆನ್ಸೆ ಚೀಲದ ಬ್ರೌನಿಯನ್ನು ಪೂರ್ತಿ ಬಾಯಿಗೆ ತುಂಬಿಕೊಂಡರು. ಅದನ್ನು ಅಗಿಯುತ್ತಲೂ ನಕ್ಕರು.

ಅದೇ ಹೊತ್ತಿಗೆ ಬಾಗಿಲು ತಟ್ಟಿ ಸೆಕ್ರೆಟರಿ ಮೇಡಂ ಒಳಗೆ ಬಂದರು. ಕೈಯಲ್ಲಿ ನನ್ನ ಕಾಂಟ್ರಾಕ್ಟ್ ಮತ್ತು ಸೆನ್ಸೆಯ ಮೊಹರು. ಜಪಾನಿನಲ್ಲಿ ಸಹಿಗಿಂತ ಮೊಹರು ದೊಡ್ಡದು. ಅದನ್ನು ಒತ್ತಿ ಕಾಂಟ್ರಾಕ್ಟನ್ನು ಅವತ್ತೇ ಸಂಜೆಯೊಳಗೆ ಆಫೀಸಿಗೆ ತಲುಪಿಸಬೇಕಿತ್ತು, ಇಲ್ಲದಿದ್ದರೆ ನನ್ನ ಕೆಲಸ ಹೋದ ಹಾಗೆಯೇ.

ಮೇಡಂ ಖಾಲಿ ಚೀಲ ನೋಡಿದರು. ಸೆನ್ಸೆಯ ತುಟಿಯ ಮೇಲಿನ ಚೂರು ನೋಡಿದರು. ಕಣ್ಣೀರು ಸುರಿಸಿಕೊಂಡು ನಗುತ್ತಿದ್ದ ಸೆನ್ಸೆಯನ್ನು ನೋಡಿದರು. ಮೊಹರನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಅವರ ಬೆನ್ನ ಹಿಂದೆ ಇಣುಕಿದ ವಿದ್ಯಾರ್ಥಿ, "ಮೆಷಿನ್ ಕೆಟ್ಟಿರಬೇಕು, ಮತ್ತೆ ಪರೀಕ್ಷೆ ಮಾಡ್ತೀನಿ," ಎಂದು ಓಡಿದ.

"ಮೇಡಂ, ಅದರಲ್ಲಿ ಏನೂ ಇಲ್ಲ. ಸೆನ್ಸೆ ಸುಮ್ಮನೆ ನಗ್ತಿದಾರೆ," ಎಂದೆ.

"ಸೆನ್ಸೆ ಸುಮ್ಮನೆ ನಗುವುದಿಲ್ಲ," ಎಂದರು ಮೇಡಂ. "ಈ ಸ್ಥಿತಿಯಲ್ಲಿ ಮೊಹರು ಒತ್ತಿಸಿದರೆ ನನ್ನ ಕರ್ತವ್ಯಕ್ಕೆ ಲೋಪ. ಮೊದಲು ತಲೆ ಸರಿಯಿದೆಯೇ ಎಂದು ನೋಡಬೇಕು."

ಆಫೀಸು ಮುಚ್ಚುವ ಹೊತ್ತಾಗುತ್ತಿತ್ತು. ನಾನು ಮನಸ್ಸಿನಲ್ಲೇ ನಂಜನಗೂಡಿನ ನಂಜುಂಡೇಶ್ವರನಿಗೆ ಹರಕೆ ಹೊತ್ತೆ. ಮೇಡಂ ಮೇಜಿನ ಹತ್ತಿರ ಹೋಗಿ ಮಗುವನ್ನು ಕೇಳುವಂತೆ ಕೇಳಿದರು: "ಸೆನ್ಸೆ, ಇವತ್ತು ಯಾವ ವಾರ?"

ಸೆನ್ಸೆ ಕಣ್ಣೊರೆಸಿಕೊಂಡು ಯೋಚಿಸಿದರು. "ಬುಧವಾರ," ಎಂದರು.

ನನ್ನ ಜೀವ ಬಾಯಿಗೆ ಬಂತು. ಮೇಡಂ ಮಾತ್ರ ನೆಮ್ಮದಿಯಿಂದ ಉಸಿರು ಬಿಟ್ಟು, ಕಾಂಟ್ರಾಕ್ಟ್ ಬಿಡಿಸಿ, ಮೊಹರಿನ ಮುಚ್ಚಳ ತೆಗೆದು ಸೆನ್ಸೆಯ ಕೈಗೆ ಕೊಟ್ಟರು.

"ಯಾವಾಗಲಿನ ಹಾಗೇ ಇದ್ದಾರೆ," ಎಂದು ನನಗೆ ಹೇಳಿದರು. "ಶುಕ್ರವಾರ ಅಂತ ಸರಿಯಾಗಿ ಹೇಳಿದ್ದರೆ ಆಂಬುಲೆನ್ಸ್ ಕರೆಸ್ತಿದ್ದೆ."